ಆರು ಹೆಸರುಗಳಲ್ಲಿ ಇಲ್ಲದ ಏಳನೆಯವರು

ಒಂದು ರಿಸರ್ಚ್ ಪೇಪರ್ ಅಚ್ಚಾಗುವ ಮೊದಲು ಅದರ ಆಥರ್ ಪಟ್ಟಿ ಹೇಗೆ ಬೆಳೆಯುತ್ತದೆ ಅಂತ ನೋಡಬೇಕಾದರೆ ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೂರಬೇಕು. ನಾನು ಮಂಗಳೂರಿನ ಅಂಥ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಪುಸ್ತಕ ಕೊಡುವ, ವಾಪಸ್ ತೆಗೆದುಕೊಳ್ಳುವ ಕೆಲಸ ಈಗ ಕಡಿಮೆ. ಜರ್ನಲ್‌ಗೆ ಹೋಗುವ ಪೇಪರ್‌ಗಳ ಪ್ಲೇಜಿಯರಿಸಂ, ಅಂದರೆ ಬೇರೆ ಕಡೆಯ ಬರಹದ ನಕಲು ಇದೆಯಾ ಅಂತ, ಚೆಕ್ ಮಾಡಿ ರಿಪೋರ್ಟ್ ಕೊಡುವುದು, ಜರ್ನಲ್ ನಿಜವಾದದ್ದಾ ದುಡ್ಡು ಹೊಡೆಯುವಂಥದ್ದಾ ಅಂತ ನೋಡಿ ಹೇಳುವುದು, ಎಂಡಿ, ಎಂಎಸ್ ಓದುವ ಪಿಜಿ ಮಕ್ಕಳಿಗೆ ರೆಫರೆನ್ಸ್ ಸರಿ ಮಾಡಲು ಕಲಿಸುವುದು, ದಿನದ ಹೆಚ್ಚಿನ ಹೊತ್ತು ಇದರಲ್ಲೇ ಹೋಗುತ್ತದೆ.

ಒಂದೇ ಪೇಪರ್ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ಬಂದಾಗ ಮೇಲೆ ಎರಡು ಹೆಸರು. ಥೀಸಿಸ್ ಮಾಡಿದ ಪಿಜಿ, ಅವರ ಗೈಡ್. ಹೋಲಿಕೆ ಜಾಸ್ತಿ ಬಂತು ಅಂತ ತಿದ್ದಿ ತರುವಾಗ ನಾಲ್ಕು ಹೆಸರು ಆಗಿರುತ್ತದೆ. ಜರ್ನಲ್‌ಗೆ ಕಳಿಸುವ ದಿನ ಆರು. ಒಳಗೆ ಬದಲಾದದ್ದು ಕೆಲವು ವಾಕ್ಯ ಮಾತ್ರ. ಟೇಬಲ್ ಅದೇ, ಗ್ರಾಫ್ ಅದೇ, ಕೊನೆಯ ಮಾತೂ ಅದೇ. ಹೊಸದಾಗಿ ಸೇರಿದವರಿಂದ ಪೇಪರಿಗೆ ಏನು ಸೇರಿತು ಅಂತ ಹುಡುಕಿದರೆ ಅವರ ಹೆಸರು, ಡಿಗ್ರಿ, ಇಮೇಲ್ ವಿಳಾಸ ಬಿಟ್ಟು ಬೇರೇನೂ ಸಿಗುವುದಿಲ್ಲ.

ಇದಕ್ಕೆ ಗಿಫ್ಟ್ ಆಥರ್‌ಶಿಪ್ ಅನ್ನುತ್ತಾರೆ. ನಮ್ಮ ಕಾರಿಡಾರಿನಲ್ಲಿ ಯಾರೂ ಆ ಹೆಸರು ಎತ್ತುವುದಿಲ್ಲ. "ಸರ್ ಹೆಸರು ಹಾಕು", "ಮೇಡಂಗೆ ಪ್ರಮೋಷನ್ ಉಂಟಂತೆ, ಅವರದ್ದೂ ಒಂದು ಸೇರಿಸು" ಅನ್ನುವಷ್ಟರಲ್ಲಿ ಕೆಲಸ ಆಗಿಹೋಗುತ್ತದೆ. ಇದರ ಬಗ್ಗೆ ಬರೆಯಬೇಕು ಅಂತ ತುಂಬಾ ಸಮಯದಿಂದ ಮನಸ್ಸಿನಲ್ಲಿತ್ತು. ಒಂದು ಮಲೇರಿಯಾ ಪೇಪರ್ ವಿಷಯದಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಮಂಗಳೂರಿಗೂ ಮಲೇರಿಯಾಕ್ಕೂ ಹಳೆಯ ನಂಟು. ಮಳೆ ಬಿಟ್ಟು ಬಿಟ್ಟು ಬರುವ ದಿನಗಳಲ್ಲಿ ಕಟ್ಟಡ ಕೆಲಸದ ಜಾಗದಲ್ಲಿ, ತಾರಸಿಯ ಟ್ಯಾಂಕಿನಲ್ಲಿ ಸೊಳ್ಳೆ ಹುಟ್ಟುತ್ತದೆ, ಚಳಿಜ್ವರದವರು ಬರುತ್ತಾರೆ. ಹೆಚ್ಚಿನದು ವೈವಾಕ್ಸ್ ಜಾತಿಯದ್ದು. ಹಾಗಾಗಿ ಇಲ್ಲಿನ ಕಾಲೇಜುಗಳಲ್ಲಿ ಮಲೇರಿಯಾ ಮೇಲೆ ಥೀಸಿಸ್ ಮಾಡುವ ಪಿಜಿಗಳು ಇದ್ದೇ ಇರುತ್ತಾರೆ. ನಾನು ಹೇಳುತ್ತಿರುವ ಪಿಜಿ ಶಿವಮೊಗ್ಗ ಕಡೆಯ ಹುಡುಗಿ. ರಕ್ತದಲ್ಲಿ ಮಲೇರಿಯಾದ ರೋಗಾಣು ಎಷ್ಟಿದ್ದರೆ ಪ್ಲೇಟ್‌ಲೆಟ್ ಎಷ್ಟು ಇಳಿಯುತ್ತದೆ ಅಂತ ನೋಡುವುದು ಅವಳ ಥೀಸಿಸ್. ಆಸ್ಪತ್ರೆಗೆ ಬಂದ ಜ್ವರದ ರೋಗಿಗಳ ಜೊತೆ ಒಬ್ಬೊಬ್ಬರಾಗಿ ಕೂತು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಬಿಡುಗಡೆಯಾಗುವ ತನಕ ಹಿಂದೆ ಬಿದ್ದು ಲೆಕ್ಕ ಇಟ್ಟವಳು.

ಜುಲೈಯ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಟೇಬಲಿಗೆ ಬಂದಳು. ಪೇಪರ್ ರೆಡಿ. ಜರ್ನಲ್‌ನ ಸೈಟಿನಲ್ಲಿ ಕೊನೆಯ ಒಂದು ಪುಟ ಬಾಕಿ ಇತ್ತು. ಅದರಲ್ಲಿ ಪ್ರತಿಯೊಬ್ಬ ಆಥರ್ ಯಾವ ಕೆಲಸ ಮಾಡಿದ್ದಾರೆ ಅಂತ ಟಿಕ್ ಹಾಕಬೇಕು. ಕ್ರೆಡಿಟ್ ಪಟ್ಟಿ ಅಂತ ಅದಕ್ಕೆ ಹೆಸರು. 14 ಬಗೆಯ ಕೆಲಸ ಇರುತ್ತದೆ. ವಿಷಯ ಯೋಚಿಸಿದ್ದು, ವಿಧಾನ ನಿರ್ಧರಿಸಿದ್ದು, ಮಾಹಿತಿ ಸಂಗ್ರಹಿಸಿದ್ದು, ವಿಶ್ಲೇಷಣೆ ಮಾಡಿದ್ದು, ಮೊದಲ ಕರಡು ಬರೆದದ್ದು, ಓದಿ ತಿದ್ದಿದ್ದು, ಹೀಗೆ. ಈಗ ತುಂಬಾ ಜರ್ನಲ್‌ಗಳು ಇದನ್ನು ಕೇಳುತ್ತವೆ.

ಅವಳ ಸಾಲು ಬೇಗ ತುಂಬಿತು. ಗೈಡ್ ಮೇಡಂ ಸಾಲೂ ತುಂಬಿತು. ಆ ಮೇಡಂ ನಿಜವಾಗಿ ಕೆಲಸ ಮಾಡಿದವರು. ಕರಡಿನ ಹಾಳೆಗಳ ಮೇಲೆ ಅವರು ಕೆಂಪು ಪೆನ್ನಿನಲ್ಲಿ ತಿದ್ದಿದ್ದನ್ನು ನಾನೇ ನೋಡಿದ್ದೇನೆ. ಮೂರನೆಯ ಹೆಸರಿಗೆ ಬಂದಾಗ ಅವಳ ಕೈ ನಿಂತಿತು.

"ಮೇಡಂ, ಇವರಿಗೆ ಏನು ಹಾಕೋದು?"

"ಅವರು ಎಂತ ಮಾಡಿದ್ದಾರೆ ಡಾಕ್ಟ್ರೇ?"

"ಈ ಸ್ಟಡಿಯಲ್ಲಿ ಏನೂ ಇಲ್ಲ ಮೇಡಂ. ಅಸೋಸಿಯೇಟ್ ಪ್ರಮೋಷನ್ ಬಾಕಿ ಇದೆ ಅಂತೆ. ಮೊದಲ ಮೂರರೊಳಗೆ ಹೆಸರು ಬೇಕು ಅಂದರು."

ನಾಲ್ಕನೆಯದು ಗೈಡ್‌ಗೆ ಗೊತ್ತಿದ್ದ ಬೇರೆ ಕಾಲೇಜಿನವರದ್ದು. ಅವರ ಪೇಪರಿನಲ್ಲಿ ಗೈಡ್ ಹೆಸರು ಹೋಗಿತ್ತು, ಆ ಋಣ ತೀರಿಸಬೇಕು. ಐದನೆಯವರು ಸ್ಟಾಟಿಸ್ಟಿಷಿಯನ್. ಅವರು ಲೆಕ್ಕ ಮಾಡಿಕೊಟ್ಟಿದ್ದಾರೆ, ಆದರೆ ಪೇಪರ್ ಓದಿಲ್ಲ. "ಪಿಡಿಎಫ್ ವಾಟ್ಸಾಪ್ ಮಾಡಿದ್ದೆ ಮೇಡಂ, ಬ್ಲೂ ಟಿಕ್ ಬಂದಿಲ್ಲ." ಆರನೆಯವರು ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರು. ಅವರೇ ಕರೆಸ್ಪಾಂಡಿಂಗ್ ಆಥರ್. ಅಂದರೆ ಜರ್ನಲ್‌ನವರು ಏನು ಕೇಳಬೇಕಾದರೂ ಅವರಿಗೆ ಮೇಲ್ ಮಾಡುತ್ತಾರೆ. ಆ ಮೇಲ್ ವಿಳಾಸ ಪೇಪರ್‌ಗಳಿಗೆ ಅಂತಲೇ ಮಾಡಿದ್ದು. ಪಾಸ್‌ವರ್ಡ್ ಪಿಜಿಗಳ ಹತ್ತಿರ ಇರುತ್ತದೆ. ಒಂದು ಬ್ಯಾಚ್ ಹೋಗುವಾಗ ಮುಂದಿನ ಬ್ಯಾಚ್‌ಗೆ ಕೊಟ್ಟು ಹೋಗುತ್ತಾರೆ. "ನಾನು ಈ ಪೇಪರ್ ಓದಿ ಒಪ್ಪಿದ್ದೇನೆ" ಅಂತ ಎಚ್‌ಒಡಿ ಹೆಸರಿನಲ್ಲಿ ಒತ್ತುವುದು ಆ ಹುಡುಗಿಯ ಬೆರಳು.

ನಾನು ಕೇಳಿದೆ, "ಸ್ಲೈಡ್ ಎಲ್ಲ ನೋಡಿದ್ದು ಯಾರು?"

"ಲ್ಯಾಬಿನ ಅಣ್ಣ ಮೇಡಂ."

"ಅವರ ಹೆಸರು ಎಲ್ಲಿ ಉಂಟು?"

ಅವಳು ನನ್ನ ಮುಖ ನೋಡಿದಳು. "ಅವರು ಟೆಕ್ನಿಷಿಯನ್ ಅಲ್ವಾ ಮೇಡಂ? ಅವರದ್ದು ಹಾಕಬಹುದಾ?" ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಹಾಗೆ ಒಂದು ದಾರಿ ಇದೆ ಅಂತಲೇ ಅವಳಿಗೆ ಯಾರೂ ಹೇಳಿರಲಿಲ್ಲ. ಪೇಪರಿನ ಕೊನೆಯ ಕೃತಜ್ಞತೆಯ ಸಾಲಿನಲ್ಲೂ ಅವರ ಹೆಸರು ಇರಲಿಲ್ಲ.

ಲ್ಯಾಬಿನ ಅಣ್ಣ ಮಾಡುವ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಬೆರಳಿನಿಂದಲೋ ಟ್ಯೂಬಿನಿಂದಲೋ ತೆಗೆದ ರಕ್ತವನ್ನು ಗಾಜಿನ ಮೇಲೆ ದಪ್ಪಗೆ ಒಂದು, ತೆಳ್ಳಗೆ ಒಂದು ಹಚ್ಚುತ್ತಾರೆ. ಒಣಗಿಸಿ ಗೀಮ್ಸಾ ಬಣ್ಣ ಹಾಕುತ್ತಾರೆ. ಮೈಕ್ರೋಸ್ಕೋಪಿನಲ್ಲಿ 100ರ ಲೆನ್ಸ್ ಇಳಿಸಿ, ಒಂದು ಹನಿ ಎಣ್ಣೆ ಬಿಟ್ಟು, ಎಣಿಸಲು ಕೂರುತ್ತಾರೆ. ಎರಡು ಕೈಯಲ್ಲಿ ಎರಡು ಕೌಂಟರ್. ಎಡಗೈಯದ್ದು ಬಿಳಿ ರಕ್ತಕಣಕ್ಕೆ, ಬಲಗೈಯದ್ದು ಮಲೇರಿಯಾ ರೋಗಾಣುವಿಗೆ. ಬಿಳಿ ಕಣ 200 ಆಗುವ ತನಕ ಎಣಿಸಬೇಕು. ಅಷ್ಟರಲ್ಲಿ ರೋಗಾಣು 100 ಮುಟ್ಟದಿದ್ದರೆ ಬಿಳಿ ಕಣ 500 ಆಗುವ ತನಕ ಮುಂದುವರಿಸಬೇಕು. ಕಣ್ಣು ತೆಗೆಯುವ ಹಾಗಿಲ್ಲ. ಪ್ಲೇಟ್‌ಲೆಟ್ ಗುಂಪು, ಬಣ್ಣದ ಕಸ, ಇವೆಲ್ಲ ರೋಗಾಣುವಿನ ಹಾಗೇ ಕಾಣುತ್ತವೆ. ಇದೇ ಸ್ಲೈಡನ್ನು ಇನ್ನೊಬ್ಬರು ಬೇರೆಯಾಗಿ ಎಣಿಸುತ್ತಾರೆ. ಇಬ್ಬರ ಲೆಕ್ಕದ ನಡುವೆ ಶೇಕಡ 25ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೆಯ ಸಲ ನೋಡಬೇಕು. ಅಣ್ಣ ಇದೆಲ್ಲವನ್ನೂ ಉದ್ದ ಬೈಂಡಿನ ಒಂದು ರಿಜಿಸ್ಟರಿನಲ್ಲಿ ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದರು. ಪೇಪರಿನ ಎರಡನೆಯ ಟೇಬಲ್ ಪೂರ್ತಿ ಆ ರಿಜಿಸ್ಟರಿನಿಂದ ಬಂದದ್ದು.

ಪೇಪರ್ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ರಿವ್ಯೂವರ್, ಅಂದರೆ ಜರ್ನಲ್ ಪರವಾಗಿ ಪೇಪರ್ ಓದಿ ಪರಿಶೀಲಿಸುವವರ, ಪ್ರಶ್ನೆಗಳು ಬಂದವು. ಅದರಲ್ಲಿ ಒಂದು ಮುಖ್ಯವಾದ ಪ್ರಶ್ನೆ ಇತ್ತು. ಎಣಿಸಿದ್ದು ಇಷ್ಟು ಬಿಳಿ ಕಣಕ್ಕೆ ಇಷ್ಟು ರೋಗಾಣು ಅಂತ. ಅದನ್ನು ಒಂದು ಮೈಕ್ರೋಲೀಟರ್ ರಕ್ತದ ಲೆಕ್ಕಕ್ಕೆ ತರಬೇಕಾದರೆ ಬಿಳಿ ಕಣ ಒಟ್ಟು ಎಷ್ಟಿದೆ ಅಂತ ಬೇಕು. ತುಂಬಾ ಕಡೆ 8000 ಅಂತ ಹಿಡಿದು ಗುಣಿಸುತ್ತಾರೆ. ಕೆಲವರು ಆ ರೋಗಿಯ ಅದೇ ದಿನದ ರಕ್ತಪರೀಕ್ಷೆಯ ನಿಜವಾದ ಕೌಂಟ್ ಹಾಕುತ್ತಾರೆ. ಮಲೇರಿಯಾದಲ್ಲಿ ಬಿಳಿ ಕಣ ಇಳಿಯುವುದು ಸಾಮಾನ್ಯ. ಹಾಗಾಗಿ 8000 ಹಿಡಿದರೆ ರೋಗಾಣು ಲೆಕ್ಕ ಇದ್ದದ್ದಕ್ಕಿಂತ ಜಾಸ್ತಿ ಕಾಣಬಹುದು, ಪೇಪರಿನ ತೀರ್ಮಾನವೇ ಅಲುಗಾಡಬಹುದು. ನೀವು ಹಿಡಿದದ್ದು ಯಾವುದು, ಇಬ್ಬರ ಎಣಿಕೆ ತಾಳೆಯಾಗದಾಗ ಏನು ಮಾಡಿದಿರಿ ಅಂತ ರಿವ್ಯೂವರ್ ಕೇಳಿದ್ದರು.

ಕರೆಸ್ಪಾಂಡಿಂಗ್ ಆಥರ್‌ಗೆ ಗೊತ್ತಿಲ್ಲ. ಮೂರು, ನಾಲ್ಕು, ಐದನೆಯವರಿಗೆ ಗೊತ್ತಿರುವುದು ಸಾಧ್ಯವೇ ಇಲ್ಲ. ಗೈಡ್ ಮೇಡಂಗೆ ಅಂದಾಜು ಇತ್ತು, ಖಾತ್ರಿ ಇರಲಿಲ್ಲ. ಪಿಜಿ ತನ್ನ ಎಕ್ಸೆಲ್ ಶೀಟ್ ತೆಗೆದು ನೋಡಿದಳು. ಅದರಲ್ಲಿ ಕೊನೆಯ ಅಂಕಿ ಮಾತ್ರ ಇತ್ತು. ಅವಳು ಲ್ಯಾಬಿಗೆ ಹೋದಳು. ಅಣ್ಣ ಬೀರುವಿನಿಂದ ರಿಜಿಸ್ಟರ್ ತೆಗೆದು ತೋರಿಸಿದರು. ಪ್ರತಿ ರೋಗಿಯ ಮುಂದೆ ಅದೇ ದಿನದ ರಕ್ತಪರೀಕ್ಷೆಯ (ಸಿಬಿಸಿ) ಬಿಳಿ ಕಣದ ಕೌಂಟ್ ಬರೆದಿತ್ತು. "8000 ಹಿಡಿದದ್ದಲ್ಲ ಡಾಕ್ಟ್ರೇ, ನಿಜ ಕೌಂಟೇ ಹಾಕಿದ್ದು. ಮೂರನೇ ರೀಡಿಂಗ್ ಮಾಡಿದ್ದಕ್ಕೆ ಬದಿಯಲ್ಲಿ ಗೀಟು ಹಾಕಿದ್ದೇನೆ ನೋಡಿ." ಅದರ ಫೋಟೋ ತೆಗೆದುಕೊಂಡು ಬಂದು, ನನ್ನ ಪಕ್ಕದ ಕಂಪ್ಯೂಟರಿನಲ್ಲೇ ಕೂತು ಉತ್ತರ ಟೈಪ್ ಮಾಡಿದಳು. ಆರು ಜನರ ಹೆಸರಿದ್ದ ಪೇಪರನ್ನು ಉಳಿಸಿದ್ದು ಹೆಸರೇ ಇಲ್ಲದ ಏಳನೆಯವರು.

ನನಗೆ ಅವತ್ತು ನಿಜವಾಗಿ ಸಿಟ್ಟು ಬಂತು. ಯಾರದ್ದೋ ಹೆಸರು ಸುಮ್ನೆ ಸೇರಿತು ಅನ್ನುವುದಕ್ಕಿಂತ, ಉತ್ತರ ಯಾರ ಹತ್ತಿರ ಇದೆಯೋ ಅವರು ಹೊರಗೆ, ಉತ್ತರ ಇಲ್ಲದವರು ಒಳಗೆ ಅನ್ನುವುದು ನನ್ನನ್ನು ಚುಚ್ಚಿತು. ಪೇಪರನ್ನು ಓದಿ ನಾಳೆ ಇನ್ನೊಬ್ಬ ಡಾಕ್ಟರ್ ಪ್ರಶ್ನೆ ಕೇಳಿದರೆ? ಅಣ್ಣ ರಿಟೈರ್ ಆಗಿ ಕಾರ್ಕಳಕ್ಕೆ ಹೋಗಿದ್ದರೆ? ಪಿಜಿ ಕೋರ್ಸ್ ಮುಗಿಸಿ ಎಲ್ಲಿಯೋ ಕೆಲಸಕ್ಕೆ ಸೇರಿದ್ದರೆ? ಜರ್ನಲ್‌ನಲ್ಲಿ ಅಚ್ಚಾದ ಆರು ಇಮೇಲ್‌ಗಳಲ್ಲಿ ಯಾವುದರ ಹಿಂದೆ ಉತ್ತರ ಇರುತ್ತದೆ?

ಇದರ ಬಗ್ಗೆ ನಿಯಮ ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಇದೆ, ಚೆನ್ನಾಗಿಯೇ ಇದೆ. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವು ಮೆಡಿಕಲ್ ಜರ್ನಲ್‌ಗಳ ಸಂಪಾದಕರು ಸೇರಿದ್ದರು. ಆ ಗುಂಪೇ ಈಗ ಐಸಿಎಂಜೆಇ. ಯಾರನ್ನು ಆಥರ್ ಅನ್ನಬಹುದು ಅಂತ ಅವರು ನಾಲ್ಕು ಷರತ್ತು ಹಾಕಿದ್ದಾರೆ. ಅಧ್ಯಯನದ ಯೋಚನೆಯಲ್ಲೋ, ಮಾಹಿತಿ ಸಂಗ್ರಹದಲ್ಲೋ, ವಿಶ್ಲೇಷಣೆಯಲ್ಲೋ ದೊಡ್ಡ ಪಾಲು ಇರಬೇಕು. ಕರಡು ಬರೆದಿರಬೇಕು, ಇಲ್ಲವೇ ವಿಷಯ ತಿಳಿದು ತಿದ್ದಿರಬೇಕು. ಅಚ್ಚಾಗುವ ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. 2013ರಲ್ಲಿ ನಾಲ್ಕನೆಯದು ಸೇರಿತು: ಕೆಲಸದ ಯಾವುದೇ ಭಾಗದ ಬಗ್ಗೆ ಪ್ರಶ್ನೆ ಎದ್ದರೆ ಅದಕ್ಕೆ ಉತ್ತರ ಸಿಗುವ ಹಾಗೆ ನೋಡಿಕೊಳ್ಳುವ ಹೊಣೆ ಹೊರಬೇಕು. ನಾಲ್ಕೂ ಬೇಕು, ಒಂದೋ ಎರಡೋ ಸಾಲದು. ಹಣ ತಂದುಕೊಟ್ಟದ್ದು, ವಿಭಾಗದ ಮುಖ್ಯಸ್ಥರಾಗಿ ಮೇಲುಸ್ತುವಾರಿ ನೋಡಿದ್ದು, ಇಂಗ್ಲಿಷ್ ತಿದ್ದಿಕೊಟ್ಟದ್ದು, ಇಷ್ಟರಿಂದಲೇ ಆಥರ್ ಆಗುವುದಿಲ್ಲ ಅಂತ ಬಿಡಿಸಿ ಬರೆದಿದ್ದಾರೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರಲ್ಲಿ ತಂದ ನೀತಿ ಮಾರ್ಗಸೂಚಿಯೂ ಇದೇ ಷರತ್ತುಗಳ ಕಡೆಗೆ ಕೈ ತೋರಿಸುತ್ತದೆ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಓದುವುದಿಲ್ಲ. ಮೊದಲ ಷರತ್ತು ಪೂರೈಸಿದವರಿಗೆ ಕರಡು ಓದುವ, ತಿದ್ದುವ, ಒಪ್ಪುವ ಅವಕಾಶವನ್ನೇ ಕೊಡದೆ, "ನೀವು ಉಳಿದದ್ದು ಮಾಡಿಲ್ಲ" ಅಂತ ಹೊರಗಿಡಬಾರದು. ಅಣ್ಣನ ವಿಷಯದಲ್ಲಿ ಆದದ್ದು ಇದೇ. ಅವರು ಡಿಪ್ಲೊಮಾ ಓದಿದವರು. ತಾನು ಮಾಡಿದ ವಿಧಾನದ ಬಗ್ಗೆ ಬರೆದ ಒಂದೂವರೆ ಪುಟ ಇಂಗ್ಲಿಷ್ ಅವರಿಗೆ ಓದಲಿಕ್ಕೆ ಬರುತ್ತದೆ. ಯಾರೂ ಕೈಗೆ ಕೊಡಲಿಲ್ಲ. ದಿನದ ಸಂಬಳಕ್ಕೆ ಮಾಮೂಲಿ ಟೆಸ್ಟ್ ಮಾಡಿಕೊಟ್ಟ ಎಲ್ಲರೂ ಆಥರ್ ಆಗಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಅಧ್ಯಯನಕ್ಕೆ ಅಂತಲೇ ಒಂದು ವಿಧಾನ ನಡೆಸಿ, ತಾಳೆ ನೋಡಿ, ದಾಖಲೆ ಇಟ್ಟವರನ್ನು ಕೇಳಬೇಕಿತ್ತು. ಕೇಳಿದ ಮೇಲೆ ಅವರೇ ಬೇಡ ಅಂದರೆ ಕೃತಜ್ಞತೆಯಲ್ಲಿ ಹೆಸರು ಹಾಕಬಹುದು. ಸ್ಟಾಟಿಸ್ಟಿಷಿಯನ್ ವಿಷಯವೂ ಹೀಗೆ. ಎಷ್ಟು ರೋಗಿಗಳು ಬೇಕು ಅಂತ ಶುರುವಿನಲ್ಲೇ ಕೂತು ಲೆಕ್ಕ ಹಾಕಿ, ಫಲಿತಾಂಶದ ಅರ್ಥ ಹೇಳಿ, ಕರಡು ಓದಿದರೆ ಅವರು ನಿಜವಾದ ಆಥರ್. ಬರೀ ಸಾಫ್ಟ್‌ವೇರಿನಲ್ಲಿ ಓಡಿಸಿ ಪ್ರಿಂಟ್ ಕೊಟ್ಟರೆ ಅಲ್ಲ.

ಇದು ಯಾಕೆ ಹೀಗೆ ಆಗುತ್ತದೆ ಅಂತ ನನಗೆ ಗೊತ್ತಿದೆ. ಬರೀ ದುರಾಸೆ ಅಂತ ತಳ್ಳಿಹಾಕಲು ಮನಸ್ಸಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೇಲಕ್ಕೆ ಹೋಗಬೇಕಾದರೆ ಪೇಪರ್ ಬೇಕೇ ಬೇಕು. 2015ರಲ್ಲಿ ಮೆಡಿಕಲ್ ಕೌನ್ಸಿಲ್ ಮೊದಲ ಇಬ್ಬರು ಆಥರ್‌ಗಳಿಗೆ ಮಾತ್ರ ಲೆಕ್ಕ ಅಂದಿತು. 2020ರಲ್ಲಿ ಅದನ್ನು ಮೊದಲ ಮೂವರು ಅಥವಾ ಕರೆಸ್ಪಾಂಡಿಂಗ್ ಆಥರ್ ಅಂತ ಮಾಡಿದರು. ಸುಮ್ನೆ ಹೆಸರು ಸೇರಿಸುವುದನ್ನು ತಡೆಯಬೇಕು ಅನ್ನುವುದು ಇದರ ಹಿಂದಿನ ಆಸೆ ಇರಬಹುದು. ನಾನು ಟೇಬಲಿನ ಈ ಕಡೆಯಿಂದ ಕಂಡದ್ದು ಬೇರೆ. ಪಟ್ಟಿ ಚಿಕ್ಕದಾಗಲಿಲ್ಲ, ಮೂರನೆಯ ಜಾಗಕ್ಕೆ ಬೆಲೆ ಬಂತು. ಬೆಳಗ್ಗೆಯಿಂದ ಓಪಿಡಿ, ಮಧ್ಯಾಹ್ನ ಕ್ಲಾಸು, ರಾತ್ರಿ ಡ್ಯೂಟಿ ಮಾಡುವ ಒಬ್ಬ ಡಾಕ್ಟರ್‌ಗೆ ರಿಸರ್ಚಿಗೆ ಅಂತ ಒಂದು ಗಂಟೆ ಬಿಡುವು ಕೊಡುವುದಿಲ್ಲ, ಆದರೆ ಪೇಪರ್ ಎಲ್ಲಿ ಅಂತ ಕೇಳುತ್ತಾರೆ. ಅವರು ಯಾರದ್ದೋ ಪೇಪರಿನಲ್ಲಿ ಜಾಗ ಕೇಳುತ್ತಾರೆ. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಅದರ ಬೆಲೆಯನ್ನು ಪಿಜಿ ಮತ್ತು ಲ್ಯಾಬಿನ ಅಣ್ಣ ಕಟ್ಟುವುದು ಸರಿಯಲ್ಲ.

ಮತ್ತೆ ನಮ್ಮ ಕಡೆ ಗುರುಹಿರಿಯರ ಮೇಲಿನ ಮರ್ಯಾದೆ ಬೇರೆ. ಮದುವೆ ಕಾಗದದಲ್ಲಿ ದೊಡ್ಡಪ್ಪ, ಮಾವ, ಭಾವ ಅಂತ ಎಲ್ಲರ ಹೆಸರು ಹಾಕುತ್ತೇವೆ. ಒಬ್ಬರದ್ದು ಬಿಟ್ಟರೂ ಬೇಜಾರು. ಆ ರೂಢಿಯೇ ಇಲ್ಲಿಗೂ ಬರುತ್ತದೆ. ಆದರೆ ಕಾಗದದಲ್ಲಿ ಹೆಸರಿದ್ದ ಮಾವನನ್ನು ಊಟದ ಲೆಕ್ಕ ಕೊಡಿ ಅಂತ ಯಾರೂ ಕೇಳುವುದಿಲ್ಲ. ಪೇಪರ್ ಹಾಗಲ್ಲ. ಅದನ್ನು ಓದಿ ಇನ್ನೊಂದು ಊರಿನಲ್ಲಿ ಒಬ್ಬರು ಮಾತ್ರೆ ಬರೆಯುತ್ತಾರೆ.

ಇದು ನಮ್ಮ ಕಡೆಯ ರೋಗ ಮಾತ್ರ ಅಂತ ಅಂದುಕೊಳ್ಳಬೇಡಿ. ಜಗತ್ತಿನ ಆರು ದೊಡ್ಡ ಮೆಡಿಕಲ್ ಜರ್ನಲ್‌ಗಳಲ್ಲಿ 2008ರಲ್ಲಿ ಬಂದ ಪೇಪರ್‌ಗಳ ಆಥರ್‌ಗಳನ್ನೇ ಕೇಳಿ ಮಾಡಿದ ಸಮೀಕ್ಷೆಯೊಂದು 2011ರಲ್ಲಿ ಬಿಎಂಜೆ ಎಂಬ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಶೇಕಡ 21 ಪೇಪರ್‌ಗಳಲ್ಲಿ ಅರ್ಹತೆ ಇಲ್ಲದ ಹೆಸರು ಇತ್ತು, ಇಲ್ಲವೇ ಇರಬೇಕಾದ ಹೆಸರು ಇರಲಿಲ್ಲ, ಕೆಲವದರಲ್ಲಿ ಎರಡೂ. 1996ರ ಪೇಪರ್‌ಗಳಲ್ಲಿ ಅದು ಶೇಕಡ 29 ಇತ್ತು. ಆಥರ್‌ಗಳೇ ಬಾಯಿಬಿಟ್ಟು ಹೇಳಿದ ಲೆಕ್ಕ ಇದು.

ಹೆಸರು ಕೊಟ್ಟವರಿಗೂ ಇದರಿಂದ ಪೆಟ್ಟು ಬೀಳುತ್ತದೆ ಅನ್ನುವುದಕ್ಕೆ ನಾನು ಪಿಜಿಗಳ ಕ್ಲಾಸಿನಲ್ಲಿ ಯಾವಾಗಲೂ ಲಂಡನ್ನಿನ ಕತೆ ಹೇಳುತ್ತೇನೆ. 1994ರಲ್ಲಿ ಸೇಂಟ್ ಜಾರ್ಜ್ಸ್ ಆಸ್ಪತ್ರೆಯ ಮಾಲ್ಕಂ ಪಿಯರ್ಸ್ ಎಂಬ ಪ್ರಸೂತಿ ತಜ್ಞ ಒಂದು ಪೇಪರ್ ಬರೆದರು. ಗರ್ಭಕೋಶದ ಹೊರಗೆ ಬೆಳೆಯುತ್ತಿದ್ದ ಭ್ರೂಣವನ್ನು ತೆಗೆದು ಒಳಗೆ ನೆಟ್ಟು, ಮಗು ಹುಟ್ಟಿತು ಅಂತ. ಅಂಥ ರೋಗಿಯೇ ಇರಲಿಲ್ಲ. ಆ ಪೇಪರಿನಲ್ಲಿ ಅವರ ವಿಭಾಗದ ಮುಖ್ಯಸ್ಥ ಜೆಫ್ರಿ ಚೇಂಬರ್ಲೇನ್ ಹೆಸರೂ ಇತ್ತು. ಅವರು ಆ ಪೇಪರ್ ಅಚ್ಚಾದ ಜರ್ನಲ್‌ನ ಸಂಪಾದಕರು, ಜೊತೆಗೆ ಇಂಗ್ಲೆಂಡಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಅಧ್ಯಕ್ಷರು. ಆ ಕೆಲಸದಲ್ಲಿ ಅವರು ಇರಲಿಲ್ಲ. ಮುಖ್ಯಸ್ಥರ ಹೆಸರು ಹಾಕುವುದು ಅಲ್ಲಿಯೂ ಒಂದು ಮರ್ಯಾದೆಯ ರೂಢಿಯಾಗಿತ್ತು. ಸುಳ್ಳು ಹೊರಬಂದಾಗ ಪಿಯರ್ಸ್ ವೈದ್ಯ ನೋಂದಣಿ ಕಳೆದುಕೊಂಡರು. ಚೇಂಬರ್ಲೇನ್ ಎರಡೂ ಹುದ್ದೆ ಬಿಟ್ಟುಕೊಡಬೇಕಾಯಿತು. ಜೀವಮಾನವಿಡೀ ಕೆಲಸ ಮಾಡಿದ ಮನುಷ್ಯನಿಗೆ, ಓದದೆ ಕೊಟ್ಟ ಒಂದು ಹೆಸರಿನಿಂದ ಹೀಗಾಯಿತು.

ಕೊರೊನಾ ಸಮಯದ್ದು ಇನ್ನೂ ಹತ್ತಿರದ್ದು. 2020ರ ಮೇ 22ರಂದು ಲ್ಯಾನ್ಸೆಟ್ ಎಂಬ ಮೆಡಿಕಲ್ ಜರ್ನಲ್‌ನಲ್ಲಿ, ಕೊರೊನಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಬಗ್ಗೆ ಒಂದು ಪೇಪರ್ ಬಂತು. 671 ಆಸ್ಪತ್ರೆ, 96,000 ರೋಗಿಗಳು ಅಂತ ಹೇಳಿತ್ತು. ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯ ಪರೀಕ್ಷೆಯನ್ನೇ ಕೆಲವು ದಿನ ನಿಲ್ಲಿಸಿತು. ಮಾಹಿತಿ ಎಲ್ಲ ಸರ್ಜಿಸ್ಫಿಯರ್ ಎಂಬ ಕಂಪನಿಯದ್ದು. ಆ ಕಂಪನಿಯ ಮುಖ್ಯಸ್ಥರೂ ಒಬ್ಬ ಆಥರ್. ಉಳಿದ ಮೂವರು ಮೂಲ ಮಾಹಿತಿಯನ್ನು ಕಣ್ಣಿನಿಂದ ನೋಡಿರಲಿಲ್ಲ. ಪ್ರಶ್ನೆಗಳು ಎದ್ದಾಗ ಕಂಪನಿ ಮಾಹಿತಿ ಕೊಡಲಿಲ್ಲ. ಜೂನ್ 4ರಂದು ಆ ಮೂವರು, ಈ ಮಾಹಿತಿಗೆ ನಾವು ಖಾತ್ರಿ ಕೊಡಲಾರೆವು ಅಂತ ಪೇಪರ್ ವಾಪಸ್ ತೆಗೆದುಕೊಂಡರು. ಅದಾದ ಮೇಲೆ ಲ್ಯಾನ್ಸೆಟ್ ನಿಯಮ ಬದಲಿಸಿತು. ಒಬ್ಬರಿಗಿಂತ ಹೆಚ್ಚು ಆಥರ್‌ಗಳು ಮೂಲ ಮಾಹಿತಿಯನ್ನು ನೋಡಿ ತಾಳೆ ಮಾಡಿದ್ದೇವೆ ಅಂತ ಬರೆದು ಕೊಡಬೇಕು. ನಮ್ಮ ಅಣ್ಣನ ರಿಜಿಸ್ಟರನ್ನು ಆರು ಜನರಲ್ಲಿ ಎಷ್ಟು ಮಂದಿ ತೆರೆದು ನೋಡಿದ್ದರು ಅಂತ ನನಗೆ ಆಗ ನೆನಪಾಗುತ್ತದೆ.

ಈಚೆಗೆ ಚಾಟ್‌ಬಾಟ್‌ಗಳು ಬಂದ ಮೇಲೆ 2023ರಲ್ಲಿ ಐಸಿಎಂಜೆಇ ಇನ್ನೊಂದು ಮಾತು ಸೇರಿಸಿತು. ಅವುಗಳನ್ನು ಆಥರ್ ಅಂತ ಹಾಕಬಾರದು, ಯಾಕೆಂದರೆ ಬರೆದದ್ದು ಸರಿಯೋ ತಪ್ಪೋ ಅನ್ನುವುದಕ್ಕೆ ಅವು ಹೊಣೆ ಹೊರಲಾರವು. ಪಿಜಿಗಳು ಇದನ್ನು ಕೂಡಲೇ ಒಪ್ಪುತ್ತಾರೆ. ಹಾಗಾದರೆ ಪೇಪರ್ ಓದದ ಮನುಷ್ಯ ಹೇಗೆ ಹೊಣೆ ಹೊರುತ್ತಾರೆ ಅಂತ ಕೇಳಿದಾಗ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ.

ಮಲೇರಿಯಾ ಪೇಪರಿಗೆ ಬರುತ್ತೇನೆ. ರಿವ್ಯೂವರ್‌ಗೆ ಉತ್ತರ ಹೋಗುವಾಗ ಗೈಡ್ ಮೇಡಂಗೆ ಹುಡುಗಿ ಎಲ್ಲ ಹೇಳಿದ್ದಳು. ಅಣ್ಣನ ಹೆಸರು ಸೇರಿಸೋಣ ಅಂತ ಮೇಡಂ ಹೊರಟರು. ಆದರೆ ಒಮ್ಮೆ ಕಳಿಸಿದ ಮೇಲೆ ಪಟ್ಟಿ ಬದಲಿಸಬೇಕಾದರೆ ಎಲ್ಲ ಆಥರ್‌ಗಳೂ ಸಹಿ ಹಾಕಿ ಕಾರಣ ಕೊಡಬೇಕು. ಒಬ್ಬರು ಸಹಿ ಹಾಕಲು ಒಪ್ಪಲಿಲ್ಲ. ಕೊನೆಗೆ ಕೃತಜ್ಞತೆಯಲ್ಲಿ, ಸ್ಲೈಡ್ ಎಣಿಕೆ ಮತ್ತು ದಾಖಲೆ ಮಾಡಿದವರು ಅಂತ ಅಣ್ಣನ ಹೆಸರು ಬಂತು. ಅದು ಅರ್ಧ ನ್ಯಾಯ. ಮೂರನೆಯ ಜಾಗದ ಹೆಸರು ಅಲ್ಲೇ ಇದೆ.

ಬೇರೆ ಥರ ಮಾಡುವವರೂ ನಮ್ಮಲ್ಲೇ ಇದ್ದಾರೆ, ಅದನ್ನೂ ಹೇಳಬೇಕು. ಮಕ್ಕಳ ವಿಭಾಗದ ಒಬ್ಬ ಹಿರಿಯ ಮೇಡಂ ಒಮ್ಮೆ ಲೈಬ್ರರಿಗೆ ಬಂದು ತನ್ನ ಪಿಜಿಯ ಕರಡು ಕೇಳಿದರು. ಪೆನ್ನು ತೆಗೆದು ತನ್ನ ಹೆಸರಿನ ಮೇಲೆ ಗೀಟು ಎಳೆದರು. "ನಾನು ಒಂದ್ಸಲ ಓದಿದ್ದು ಮಾತ್ರ ಮಾರಾಯ್ರೆ. ಥ್ಯಾಂಕ್ಸ್‌ನಲ್ಲಿ ಹಾಕ್ಲಿ" ಅಂದರು. ಹಳ್ಳಿ ಹಳ್ಳಿ ತಿರುಗಿ ಮನೆಮನೆಯ ಮಾಹಿತಿ ತಂದ ಸೋಷಿಯಲ್ ವರ್ಕರ್ ಹುಡುಗನನ್ನು ಕರೆಸಿ, ಕರಡು ಓದಿಸಿ, ಅವನ ಹೆಸರು ಸೇರಿಸಿದರು. ಅದರಿಂದ ಆ ಮೇಡಂ ಮರ್ಯಾದೆ ಒಂದಿಷ್ಟೂ ಕಡಿಮೆಯಾಗಲಿಲ್ಲ. ಪಿಜಿಗಳು ಈಗಲೂ ಅವರನ್ನೇ ಗೈಡ್ ಆಗಿ ಬೇಕು ಅನ್ನುತ್ತಾರೆ.

"ನೀವೇ ಬೇಡ ಅನ್ನಿ" ಅಂತ ಪಿಜಿಗಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ, ಥೀಸಿಸ್ ಸಹಿ, ಮುಂದಿನ ಕೆಲಸಕ್ಕೆ ಪತ್ರ, ಎಲ್ಲ ಅದೇ ವಿಭಾಗದ ಕೈಯಲ್ಲಿದೆ. ಅವರೊಬ್ಬರೇ ಎದುರು ನಿಲ್ಲಲಿ ಅನ್ನುವುದು ಅನ್ಯಾಯ. ಇದನ್ನು ಸರಿ ಮಾಡಬೇಕಾದವರು ಗೈಡ್‌ಗಳು ಮತ್ತು ಕಾಲೇಜು. ಅದಕ್ಕೆ ನಾನು ಎರಡು ವಿಷಯ ಕೇಳಿದ್ದೇನೆ. ಒಂದು, ಎಥಿಕ್ಸ್ ಕಮಿಟಿಗೆ ಅರ್ಜಿ ಕೊಡುವಾಗಲೇ ಒಂದು ಪುಟ ಸೇರಿಸಬೇಕು. ಯಾರು ಯಾವ ಕೆಲಸ ಮಾಡುತ್ತಾರೆ, ಟೆಕ್ನಿಷಿಯನ್, ನರ್ಸ್, ಫೀಲ್ಡಿನವರು ಎಲ್ಲ ಸೇರಿ, ಯಾರು ಆಥರ್ ಆಗಬಹುದು ಅಂತ ಆಗಲೇ ಮಾತಾಡಿ ಸಹಿ ಹಾಕಬೇಕು. ಮುಂದೆ ಕೆಲಸ ಬದಲಾದರೆ ಪುಟವನ್ನೂ ಬದಲಿಸಬಹುದು. ಎರಡನೆಯದು ನನ್ನ ಟೇಬಲಿನದ್ದೇ. ಪ್ಲೇಜಿಯರಿಸಂ ರಿಪೋರ್ಟಿನ ಜೊತೆ ಅವತ್ತಿನ ತಾರೀಕು ಹಾಕಿ ಆಥರ್ ಪಟ್ಟಿಯನ್ನೂ ದಾಖಲೆ ಮಾಡುವುದು. ಮುಂದಿನ ಸಲ ಹೊಸ ಹೆಸರು ಬಂದರೆ ಅವರು ಮಾಡಿದ ಕೆಲಸವನ್ನು ಒಂದು ಸಾಲಿನಲ್ಲಿ ಬರೆದು, ಅವರೇ ಬಂದು ಸಹಿ ಹಾಕಬೇಕು. ಪಿಜಿ ಹಾಕಿದರೆ ಆಗುವುದಿಲ್ಲ.

ಎರಡನೆಯದಕ್ಕೆ ಒಪ್ಪಿಗೆ ಸಿಕ್ಕಿದೆ, ಫಾರ್ಮ್ ನನ್ನ ಟೇಬಲಿನಲ್ಲಿ ಇದೆ. ಮೊದಲನೆಯದು ಕಮಿಟಿಯ ಮುಂದೆ ಇದೆ. ದೇರಳಕಟ್ಟೆಯಲ್ಲೋ ಮಣಿಪಾಲದಲ್ಲೋ ಇಂಥದ್ದು ಆಗಲೇ ನಡೆಸುತ್ತಿರುವ ಲೈಬ್ರರಿಯವರು, ಗೈಡ್‌ಗಳು ಇದ್ದರೆ ನಿಮ್ಮ ಪುಟ ಹೇಗಿದೆ ಅಂತ ನನಗೆ ತೋರಿಸಿ. ಟೆಕ್ನಿಷಿಯನ್‌ಗಳಿಗೆ ಕನ್ನಡದಲ್ಲೂ ಓದಲು ಸಿಗುವ ಹಾಗೆ ಅದನ್ನು ಮಾಡಬೇಕು ಅಂತ ಇದ್ದೇನೆ.